ಹೀರೋಗಳ ಊಟ, ವಸತಿ ಖರ್ಚು: ನನ್ನ ಟೇಬಲ್‌ನ ಲೆಕ್ಕ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದು ಹೀರೋ ಪಾತ್ರ ಹಿಡಿದು ಕಥೆ ಕಟ್ಟುವ ಆಟ. ಅದನ್ನು ಆಡಿಸುವ ಡಂಜನ್ ಮಾಸ್ಟರ್‌ಗಳಲ್ಲಿ ತುಂಬಾ ಜನ ಹೀರೋಗಳ ಊಟ, ವಸತಿಯ ಖರ್ಚನ್ನು ಕೈಬಿಡುತ್ತಾರೆ. ಲೆಕ್ಕ ಬೇಜಾರು, ಕಥೆ ನಿಂತುಹೋಗುತ್ತೆ ಅನ್ನುತ್ತಾರೆ. ನಾನು ಬಿಡುವುದಿಲ್ಲ. ಪಾರ್ಟಿ, ಅಂದರೆ ಹೀರೋಗಳ ತಂಡ, ರಾತ್ರಿ ಎಲ್ಲಿ ಮಲಗಿತು, ಯಾರ ಕೈ ಅಡುಗೆ ಉಂಡಿತು ಅನ್ನೋದರಿಂದಲೇ ನನ್ನ ಟೇಬಲ್‌ನಲ್ಲಿ ಅರ್ಧ ಕಥೆ ಹುಟ್ಟುತ್ತದೆ.

ನಮ್ಮದು ಮಡಿಕೇರಿ ಹತ್ತಿರ ಒಂದು ಸಣ್ಣ ಹೋಂಸ್ಟೇ. ಮಳೆಗಾಲದಲ್ಲಿ ಗೆಸ್ಟ್‌ಗಳು ಕಡಿಮೆ, ಕರೆಂಟು ಇನ್ನೂ ಕಡಿಮೆ. ನಮ್ಮ ಆಟ ಜೋರಾಗಿ ನಡೆಯುವುದು ಆಗಲೇ. ರೂಮ್ ಬುಕ್ ಮಾಡುವವರು ಫೋನಿನಲ್ಲಿ ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠ. "ಕಾರು ಅಂಗಳದ ತನಕ ಬರುತ್ತಾ? ಬಿಸಿನೀರು ಇದ್ಯಾ? ಡ್ರೈವರ್ ಎಲ್ಲಿ ಮಲಗೋದು?" ಇದನ್ನೇ ಆಟದೊಳಕ್ಕೆ ತಂದಿದ್ದೇನೆ. ಕಾರಿನ ಜಾಗದಲ್ಲಿ ಕುದುರೆ, ಡ್ರೈವರ್ ಜಾಗದಲ್ಲಿ ಪಾರ್ಟಿ ಕೂಲಿಗೆ ಕರೆತಂದ ಆಳು.

ನಾವು ಆಡೋದು ಐದನೇ ಆವೃತ್ತಿ, 2014ರ ನಿಯಮಗಳು. ಅದರಲ್ಲಿ ಜೀವನಮಟ್ಟಕ್ಕೆ ದಿನದ ದರ ಕೊಟ್ಟಿದ್ದಾರೆ. ಬೀದಿಯಲ್ಲಿ ಬಿದ್ದಿದ್ದರೆ ಖರ್ಚಿಲ್ಲ. ಕೊಳಕು ಬದುಕಿಗೆ 1 ಬೆಳ್ಳಿ ನಾಣ್ಯ, ಬಡ ಬದುಕಿಗೆ 2 ಬೆಳ್ಳಿ, ಸಾಧಾರಣಕ್ಕೆ 1 ಚಿನ್ನ, ಆರಾಮಕ್ಕೆ 2 ಚಿನ್ನ, ಶ್ರೀಮಂತರಿಗೆ 4, ದೊಡ್ಡ ಮನೆತನದ ವೈಭೋಗಕ್ಕೆ ಕನಿಷ್ಠ 10. ಹತ್ತು ತಾಮ್ರಕ್ಕೆ ಒಂದು ಬೆಳ್ಳಿ, ಹತ್ತು ಬೆಳ್ಳಿಗೆ ಒಂದು ಚಿನ್ನ. ಇದರ ಜೊತೆಗೆ ಇನ್‌ನ (ದಾರಿಹೋಕರು ತಂಗುವ ಮನೆ) ರೂಮು, ಊಟಕ್ಕೆ ಬೇರೆ ಪಟ್ಟಿಯೂ ಇದೆ. ಸಾಧಾರಣ ರೂಮಿಗೆ 5 ಬೆಳ್ಳಿ, ದಿನದ ಊಟಕ್ಕೆ 3 ಬೆಳ್ಳಿ. ಎರಡೂ ಸೇರಿ 8. ಹಾಗಾದರೆ ಸಾಧಾರಣ ಬದುಕಿನ 1 ಚಿನ್ನದಲ್ಲಿ ಉಳಿದ 2 ಬೆಳ್ಳಿ ಎಲ್ಲಿಗೆ ಹೋಯಿತು? ಬಟ್ಟೆ ಒಗೆಸೋದು, ಬೂಟು ಹೊಲಿಸೋದು, ಕುದುರೆ ನೋಡಿಕೊಳ್ಳುವ ಹುಡುಗನಿಗೆ ಚಿಲ್ಲರೆ ಕೊಡೋದು ಅಂತ ನಾನು ಹಿಡಿಯುತ್ತೇನೆ. ಊರಲ್ಲಿ ನಿಂತವರು ದಿನದ ದರ ಕೊಡಲಿ, ಒಂದು ರಾತ್ರಿ ತಂಗಿ ಹೋಗುವವರು ರೂಮು, ಊಟದ ದುಡ್ಡು ಮಾತ್ರ ಕೊಡಲಿ.

ಅದೇ ನಿಯಮಗಳಲ್ಲಿ ಕುದುರೆಯನ್ನು ಲಾಯದಲ್ಲಿ ಕಟ್ಟೋಕೆ ದಿನಕ್ಕೆ 5 ಬೆಳ್ಳಿ. ಅಂದರೆ ಮನುಷ್ಯನ ಸಾಧಾರಣ ರೂಮಿನಷ್ಟೇ. ಮೇವಿಗೆ 5 ತಾಮ್ರ ಬೇರೆ. ನಾಲ್ಕು ಜನ, ನಾಲ್ಕು ಕುದುರೆ ಅಂದರೆ ಬಾಡಿಗೆ ಡಬಲ್. ಇದನ್ನು ಹೇಳಿದ ಕೂಡಲೇ ಟೇಬಲ್‌ನಲ್ಲಿ ಗಲಾಟೆ ಶುರು. ಕುದುರೆಯನ್ನು ಊರಾಚೆ ಯಾರ ಮನೆಯಲ್ಲಿ ಕಟ್ಟೋಣ, ಕಾಯೋರು ಯಾರು, ಕಳುವಾದರೆ ಏನು ಗತಿ? ನಾನು ಬಾಯಿ ಮುಚ್ಚಿಕೊಂಡು ಕೂತರೂ ಮುಂದಿನ ಕಥೆಯನ್ನು ಅವರೇ ಕಟ್ಟುತ್ತಾರೆ.

ದಿನದ ಲೆಕ್ಕ ಮಾತ್ರ ಬೇಡ. ಕಾಸು ಕಾಸು ಎಣಿಸಿದರೆ ಆಟ ಸಾಯುತ್ತೆ. ನಮ್ಮ ತೋಟಗಳಲ್ಲಿ ಬಟವಾಡೆ, ಸಂತೆ ಎಲ್ಲ ವಾರದ ಲೆಕ್ಕ ಅಲ್ವಾ? ನಾನೂ ವಾರಕ್ಕೊಮ್ಮೆ ವಸೂಲಿ ಮಾಡುತ್ತೇನೆ. ಆಟದಲ್ಲಿ ಏಳು ದಿನ ಕಳೆದರೆ, ಸಾಧಾರಣ ಬದುಕಿಗೆ ತಲೆಗೆ 7 ಚಿನ್ನ. ದುಡ್ಡಿಲ್ಲದಿದ್ದರೆ ಇನ್ ಮಾಲೀಕಿಯ ಪುಸ್ತಕದಲ್ಲಿ ಬಾಕಿ ಬರೆಸಬಹುದು. ಆ ಬಾಕಿಗೆ ಬಡ್ಡಿ ಹಾಕುವುದಿಲ್ಲ. ಒಂದು ದಿನ ಆಕೆ ಒಂದು ಕೆಲಸ ಹೇಳುತ್ತಾಳೆ, ಅವತ್ತು ಆಗಲ್ಲ ಅನ್ನೋಕೆ ಬರುವುದಿಲ್ಲ.

ಒಬ್ಬೊಬ್ಬರು ಬೇರೆ ಬೇರೆ ಮಟ್ಟ ಆರಿಸಿಕೊಂಡರೆ ನನಗೆ ಹಬ್ಬ. ನನ್ನ ಚಿಕ್ಕಪ್ಪನ ಮಗ ಆಡೋದು ಕಳ್ಳನ ಪಾತ್ರ. ದುಡ್ಡು ಬಿಚ್ಚುವವನಲ್ಲ.

"ಅಣ್ಣ, ನಾನು ಏಳು ತಾಮ್ರದ ಜಾಗದಲ್ಲೇ ಮಲಗ್ತೀನಿ. ಅವರು ಬೇಕಾದ್ರೆ ಮೆತ್ತೆ ಮೇಲೆ ಮಲಗಲಿ."

"ಮಲಗು ಮಾರಾಯ. ಒಂದೇ ಕೋಣೆ, ಇಪ್ಪತ್ತು ಜನ, ಒಲೆ ಹೊಗೆ. ಪಕ್ಕದಲ್ಲಿ ಮಲಗಿದವನ ಕಂಬಳಿ ಒದ್ದೆ. ಅಂಗಾಲಿಗೆ ಕೆಂಪು ಮಣ್ಣು ಮೆತ್ತಿದೆ."

"ಕೆಂಪು ಮಣ್ಣಾ? ಈ ಊರಲ್ಲಿ ಎಲ್ಲಾ ಕಡೆ ಕಪ್ಪು ಮಣ್ಣು ಅಂದಿದ್ಯಲ್ಲ!"

ಮುಚ್ಚಿದ ಗಣಿಯಲ್ಲಿ ರಾತ್ರಿ ಕೆಲಸ ನಡೆಯುತ್ತಿದೆ ಅನ್ನೋದು ಅವನಿಗೆ ಸಿಕ್ಕಿದ್ದು ಹಾಗೆ. 8 ಬೆಳ್ಳಿಯ ಆರಾಮದ ರೂಮಿನಲ್ಲಿದ್ದವರಿಗೆ ಅದು ಸಿಗುವುದಿಲ್ಲ. ಅವರಿಗೆ ಗಣಿ ಮಾಲೀಕನ ಜೊತೆ ಒಂದೇ ಮೇಜಿನಲ್ಲಿ ಊಟ ಸಿಗುತ್ತೆ. ಅಗ್ಗದ ಜಾಗದಲ್ಲಿ ಮಲಗಿದವರಿಗೆ ಕಾಯಿಲೆ, ಸುಸ್ತು ಅಂತ ಶಿಕ್ಷೆ ಕೊಡುವ ಡಂಜನ್ ಮಾಸ್ಟರ್‌ಗಳಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ಎಲ್ಲರೂ ಒಂದೇ ರೂಮು ಹಿಡಿಯುತ್ತಾರೆ, ಆರಿಸೋಕೆ ಏನೂ ಉಳಿಯಲ್ಲ.

ಕೂಲಿಯ ದರವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಕಸುಬು ಗೊತ್ತಿಲ್ಲದ ಆಳಿಗೆ ದಿನಕ್ಕೆ 2 ಬೆಳ್ಳಿ. ಬಡ ಬದುಕಿನ ಖರ್ಚೂ 2 ಬೆಳ್ಳಿ. ಕೈಯಲ್ಲಿ ಏನೂ ಉಳಿಯುವುದಿಲ್ಲ. ಕಾಫಿ ತೋಟದ ಕೂಲಿಯವರ ಲೈನ್ ಮನೆಗಳನ್ನು ನೋಡುತ್ತಾ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಯಾರಾದರೂ ಲಾಯದ ಹುಡುಗನಿಗೆ ಸುಮ್ನೆ ಒಂದು ಚಿನ್ನ ಎಸೆದರೆ, ಅದು ಅವನ ಐದು ದಿನದ ಸಂಬಳ. ಅವನು ಮರೆಯುವುದಿಲ್ಲ. ನೋಡಿದವರೂ ಮರೆಯುವುದಿಲ್ಲ.

ಮಳೆಯೂ ದರ ಏರಿಸುತ್ತೆ. ಭಾಗಮಂಡಲದಲ್ಲಿ ಜೋರು ಮಳೆಗೆ ಸಂಗಮದ ನೀರು ರಸ್ತೆಗೆ ಹತ್ತುವುದನ್ನು ನಮ್ಮ ಕಡೆಯವರೆಲ್ಲ ಕಂಡಿದ್ದಾರೆ. ನನ್ನ ಆಟದ ಬೆಟ್ಟದ ಊರಿನಲ್ಲೂ ಹೊಳೆ ಏರಿದರೆ ದಾರಿ ಬಂದ್. ವ್ಯಾಪಾರಿಗಳು, ಸೈನಿಕರು, ಪಾರ್ಟಿ ಬೆನ್ನಟ್ಟಿದ ಶತ್ರು, ಎಲ್ಲರೂ ಒಂದೇ ಇನ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ರೂಮಿನ ಬೆಲೆ ಎರಡು ಪಟ್ಟು, ಸೌದೆಗೆ ಬೇರೆ ದುಡ್ಡು.

ಇಷ್ಟೆಲ್ಲ ನಡೆಯುವುದು ಹೀರೋಗಳ ಮೊದಲ ನಾಲ್ಕು ಲೆವೆಲ್‌ನಲ್ಲಿ (ಅನುಭವ ಬಂದಂತೆ ಹತ್ತುವ ಮೆಟ್ಟಿಲು). ನಿಯಮದ ಕೋಷ್ಟಕ ನೋಡಿದರೆ, ಆಗ ಒಂದು ನಿಧಿಯಲ್ಲಿ ಸಿಗುವ ನಾಣ್ಯ ಸರಾಸರಿ 200 ಚಿನ್ನದಷ್ಟು. ನಾಲ್ಕು ಪಾಲು ಮಾಡಿದರೆ ತಲೆಗೆ 50. ಮುಂದಿನ ಹಂತದ ನಿಧಿಯಲ್ಲಿ 3,800 ಮೀರುತ್ತೆ. ಆಮೇಲೆ ರೂಮಿನ ಬಾಡಿಗೆ ಯಾರಿಗೂ ಲೆಕ್ಕಕ್ಕಿಲ್ಲ. 1979ರ ಹಳೇ ನಿಯಮದಲ್ಲಿ ತಿಂಗಳಿಗೆ ಲೆವೆಲ್‌ಗೆ 100 ಚಿನ್ನದಂತೆ ಖರ್ಚು ಹಿಡಿಯುತ್ತಿದ್ದರು. ನಮಗದು ಜಾಸ್ತಿಯಾಯಿತು, ಆದರೆ ಲೆವೆಲ್ ಜೊತೆ ಖರ್ಚು ಏರಬೇಕು ಅನ್ನೋದು ಸರಿಯಾದ ಮಾತು. ಅದಕ್ಕೇ ಐದನೇ ಲೆವೆಲ್ ಆದಮೇಲೆ ಮನೆ ಕೊಳ್ಳೋಕೆ ಪಾರ್ಟಿಗೆ ದಾರಿ ಮಾಡಿಕೊಡುತ್ತೇನೆ. ಕಸುಬು ಗೊತ್ತಿರುವ ಮೇಸ್ತ್ರಿಗೆ ತಿಂಗಳಿಗೆ 60 ಚಿನ್ನ, ಇಬ್ಬರು ಆಳುಗಳಿಗೆ 12, ಮಳೆಗೆ ಮುಂಚೆ ಹೆಂಚು ಸರಿಮಾಡಿಸೋದು, ಸೌದೆ ಎಲ್ಲ ಸೇರಿ 100 ಅಂತ ಹಿಡಿಯುತ್ತೇವೆ.

ಆಟಕ್ಕೆ ಬಾರದವರ ವಿಷಯಕ್ಕೂ ಇಲ್ಲೇ ಪರಿಹಾರ ಸಿಕ್ಕಿತು. ಕಾಫಿ ಕುಯ್ಲು ಶುರುವಾದರೆ ನಮ್ಮಲ್ಲಿ ಅರ್ಧ ಜನ ಬರುವುದಿಲ್ಲ. ಬಿಡುವಿನಲ್ಲಿ ಕಸುಬು ಮಾಡಿದರೆ ಸಾಧಾರಣ ಬದುಕಿನ ಖರ್ಚು ಅದರಲ್ಲೇ ಕಳೆಯುತ್ತೆ ಅಂತ ನಿಯಮದಲ್ಲೇ ಇದೆ. ಹಾಗಾಗಿ ಬಾರದವರ ಕ್ಯಾರೆಕ್ಟರ್ ಮನೆಯಲ್ಲೇ ಉಳಿದು ಕೆಲಸ ಮಾಡಿತು ಅಂತ ಬರೆದುಕೊಳ್ಳುತ್ತೇನೆ. ಅವರ ಗಂಟಿನಿಂದ ಒಂದು ತಾಮ್ರವೂ ಹೋಗುವುದಿಲ್ಲ.