ಮಾಟುಂಗದ ಹೂವಿನ ಗಲ್ಲಿಯಲ್ಲಿ ಒಂದು ವರ್ಷ

ಮುಂಬೈಗೆ ಬಂದ ಹೊಸತರಲ್ಲಿ ನಾನೂ ಎಲ್ಲರ ಹಾಗೆ ಮರೀನ್ ಡ್ರೈವ್, ಸಿಎಸ್‌ಎಂಟಿ ರೈಲು ನಿಲ್ದಾಣ, ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುವವರು ಅಂತ ಫೋಟೋ ತೆಗೆದದ್ದೇ ತೆಗೆದದ್ದು. ಹಾರ್ಡ್ ಡಿಸ್ಕ್ ತುಂಬಿತು. ನಾನು ದಿನಾ ಓಡಾಡುವ ಊರು ಮಾತ್ರ ಅದರಲ್ಲಿ ಇರಲಿಲ್ಲ. ಸಾಕಾಗಿ, ಮನೆ ಹತ್ತಿರದ ಒಂದೇ ಜಾಗ ಹಿಡಿದೆ: ಮಾಟುಂಗ ಪೂರ್ವದ ಹೂವಿನ ಗಲ್ಲಿ. ಒಂದು ವರ್ಷ ಬೇರೆಲ್ಲೂ ಫೋಟೋ ತೆಗೆಯುವುದಿಲ್ಲ ಅಂತ ನಾನೇ ನಿಯಮ ಹಾಕಿಕೊಂಡೆ.

ಕ್ಯಾಮೆರಾ ವಿಷಯ ಬೇಗ ಮುಗಿಸುತ್ತೇನೆ. ಫುಲ್ ಫ್ರೇಮ್ ಕ್ಯಾಮೆರಾ, 35 ಎಂಎಂ ಲೆನ್ಸ್. ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ, ಎಫ್ 8 ಇಟ್ಟು, ಫೋಕಸ್ 2 ಮೀಟರಿಗೆ ನಿಲ್ಲಿಸಿದರೆ ಸುಮಾರು ಒಂದೂವರೆಯಿಂದ ಮೂರು ಮೀಟರ್ ತನಕ ಸ್ಪಷ್ಟವಾಗಿ ಬರುತ್ತದೆ. ಇಕ್ಕಟ್ಟು ಗಲ್ಲಿಗೆ ಅಷ್ಟು ಸಾಕು. ಮಳೆಗಾಲದಲ್ಲಿ ಎಸಿ ಕೋಣೆಯಿಂದ ನೇರ ಹೊರಗೆ ತಂದರೆ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಎರಡು ಬೆಳಗ್ಗೆ ಹಾಗೇ ಹಾಳಾದ ಮೇಲೆ ಬ್ಯಾಗನ್ನು ರಾತ್ರಿ ಅಡುಗೆಮನೆಯಲ್ಲೇ ಇಡತೊಡಗಿದೆ.

ಮೊದಲು ಕಪ್ಪು-ಬಿಳುಪಿನಲ್ಲಿ ತೆಗೆಯುತ್ತಿದ್ದೆ. ಹಾಗೆ ತೆಗೆದರೆ ಕಲೆ ಅಂತ ಒಂದು ಭ್ರಮೆ, ಅಲ್ವಾ! ಆದರೆ ಅಬ್ಬಲಿಗೆಯೂ (ಕನಕಾಂಬರ) ಪಕ್ಕದ ಎಲೆಯೂ ಒಂದೇ ಬೂದಿ ಬಣ್ಣವಾದರೆ ಹೂವಿನ ಗಲ್ಲಿಯಲ್ಲಿ ಉಳಿಯುವುದೇನು? ಛಾಯಾಗ್ರಾಹಕ ರಘುಬೀರ್ ಸಿಂಗ್ ಮುಂಬೈಯನ್ನು ಬಣ್ಣದಲ್ಲೇ ತೆಗೆದದ್ದು ಯಾಕೆ ಅಂತ ಆಗ ತಲೆಗೆ ಹೋಯಿತು. ನಾನೂ ಬಣ್ಣಕ್ಕೆ ಬಂದೆ.

ಗಲ್ಲಿಯಲ್ಲಿ ಕುಂದಾಪುರ ಕಡೆಯ ಒಬ್ಬ ಅಕ್ಕ ಹೂ ಮಾರುತ್ತಾರೆ. ಅವರ ಫೋಟೋ ಪ್ರಿಂಟ್ ಮಾಡಿಸಿ ಕೊಟ್ಟೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ಕಣ್ಣು ಕಿರಿದು ಮಾಡಿ ನೋಡಿ, "ಇದೆಂತ ಮಾರಾಯ, ನನ್ನ ಅಬ್ಬಲಿಗೆ ಗುಲಾಬಿ ಆಯ್ತಲ್ಲ?" ಅಂದರು. ಸರಿಯೇ. ಲ್ಯಾಬ್‌ನವರು ಬಣ್ಣ ಕೆಡಿಸಿದ್ದರು, ನಾನು ನೋಡಿರಲಿಲ್ಲ. ಮತ್ತೊಂದು ಮಾತೂ ಬಂತು: "ಮಾರುವಾಗ ಎಲ್ಲರೂ ತೆಗೀತಾರೆ. ಕಟ್ಟುವಾಗ ಬಾ."

ಮರುದಿನ ಐದೂವರೆಗೆ ಹೋದೆ. ಅಕ್ಕ ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ, ಬಿಗಿ ಹಿಡಿದು ಕಟ್ಟುತ್ತಿದ್ದರು. ಎರಡು ಹೂ ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಒಂದು ಗಂಟು. ಕಣ್ಣು ಹೂವಿನ ಮೇಲಿಲ್ಲ, ಟೀ ತರುವ ಹುಡುಗನ ದಾರಿ ಮೇಲಿದೆ. ನಾನು ತೆಗೆದದ್ದು ಆ ಹೆಬ್ಬೆರಳನ್ನು. ದಾರ ಕೂತು ಕೂತು ಅಲ್ಲೊಂದು ಗೆರೆ ಬಿದ್ದಿದೆ.

ಆಮೇಲೆ ಪ್ರತಿ ತಿಂಗಳೂ ಪ್ರಿಂಟ್ ಒಯ್ದು ತೋರಿಸಿದೆ. ಹೂವಿನವರೇ ಆರಿಸುತ್ತಿದ್ದರು, ಬೈಯುತ್ತಿದ್ದರು. ನನಗೆ ಬಹಳ ಇಷ್ಟವಾದ ಒಂದು ಚಿತ್ರವನ್ನು ಅಕ್ಕ ಬೇಡವೇ ಬೇಡ ಅಂದರು. ಅದರಲ್ಲಿ ಅವರು ಗಿರಾಕಿಗೆ ಮೊಳ ಹಾಕುತ್ತಿದ್ದಾರೆ, ಮೊಣಕೈ ಸ್ವಲ್ಪ ಜಾಸ್ತಿಯೇ ಮಡಚಿದೆ.

ಆ ಚಿತ್ರ ಯಾರಿಗೂ ತೋರಿಸಿಲ್ಲ. ಹೆಬ್ಬೆರಳಿನದ್ದು ಅಂಗಡಿಯಲ್ಲಿ ಪ್ಲಾಸ್ಟಿಕ್ ಹೊದ್ದು ನೇತಾಡುತ್ತಿದೆ. ಬೆಳಗ್ಗೆ ಹೋದರೆ ಹಾರಗಳ ಹಿಂದೆ ಕಾಣುವುದಿಲ್ಲ. ನೋಡಬೇಕಿದ್ದರೆ ವ್ಯಾಪಾರ ಆದ ಮೇಲೆ, ಸಂಜೆ ಹೋಗಬೇಕು.