ಸಂಗೀತ ಪುಕ್ಕಟೆ, ಪುರುಸೊತ್ತು ನಿಮ್ಮದು

ಧಾರವಾಡದಲ್ಲಿ ಕಲ್ಲು ಎಸೆದರೆ ಸಾಹಿತಿಯೊಬ್ಬರ ಮನೆ ಮೇಲೆ ಬೀಳುತ್ತದೆ ಎಂಬ ಹಳೆಯ ಮಾತಿದೆ. ಸಂಜೆ ಆರರ ಮೇಲೆ ಎಸೆದರೆ ಯಾವುದೋ ಸಭಾಂಗಣದ ಮೇಲೆ ಬೀಳುವ ಸಾಧ್ಯತೆಯೇ ಜಾಸ್ತಿ. ಆದರೂ ಓದಿಗೋ ನೌಕರಿಗೋ ಇಲ್ಲಿಗೆ ಬಂದ ಎಷ್ಟೋ ಜನ, ‘ಈ ಊರಲ್ಲಿ ವೀಕೆಂಡ್‌ಗೆ ಏನೂ ಇಲ್ಲ’ ಅನ್ನುತ್ತಾರೆ. ಇದೆ. ಬಹುಪಾಲು ಪುಕ್ಕಟೆಯೇ ಇದೆ. ಈ ಕಾರ್ಯಕ್ರಮಗಳು ದುಡ್ಡು ಕೇಳುವುದಿಲ್ಲ, ಸಮಯ ಕೇಳುತ್ತವೆ. ಯಾವಾಗ ಹೋಗಬೇಕು, ಎಷ್ಟು ಹೊತ್ತು ಕೂರಬೇಕು, ಯಾವಾಗ ಏಳಬೇಕು ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ತಾರೀಖು ಗುರುತು ಹಾಕಿ

ಇಲ್ಲಿನ ಸಂಗೀತದ ಕ್ಯಾಲೆಂಡರ್ ನಿಂತಿರುವುದು ಕಲಾವಿದರ ಜಯಂತಿ, ಪುಣ್ಯತಿಥಿಗಳ ಮೇಲೆ. ಹಾಗಾಗಿ ಗೋಡೆಯ ಕ್ಯಾಲೆಂಡರಿನಲ್ಲಿ ಕೆಲವು ದಿನಗಳಿಗೆ ಪೆನ್ನಿನಿಂದ ಸುತ್ತು ಹಾಕಿಬಿಡಿ. ಮಾರ್ಚ್ 5 ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಹುಟ್ಟಿದ ದಿನ, ಜುಲೈ 21 ಅವರು ತೀರಿಕೊಂಡ ದಿನ. ಡಿಸೆಂಬರ್ 31 ಇನ್ನೊಬ್ಬ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರ ಜಯಂತಿ. ಊರೆಲ್ಲ ಹೊಸ ವರ್ಷದ ಪಾರ್ಟಿಗೆ ಓಡುವಾಗ ಧಾರವಾಡದ ಒಂದಷ್ಟು ಜನ ಶಾಲು ಹೊದ್ದು ಗಾಯನ ಕೇಳಲು ಹೊರಡುವುದು ಇದೇ ಕಾರಣಕ್ಕೆ. ಸೆಪ್ಟೆಂಬರ್ 12ಕ್ಕೆ ಎರಡು ಸುತ್ತು ಹಾಕಿ. 1952ರಲ್ಲಿ ಗಂಗೂಬಾಯಿಯವರ ಗುರು ಸವಾಯಿ ಗಂಧರ್ವರು, 1992ರಲ್ಲಿ ಮನಸೂರರು ತೀರಿಕೊಂಡದ್ದು ಅದೇ ತಾರೀಖಿಗೆ. ಕಾರ್ಯಕ್ರಮ ಸರಿಯಾಗಿ ಅದೇ ದಿನ ಇರುತ್ತದೆ ಅಂತಲ್ಲ. ಆಸುಪಾಸಿನ ವಾರಗಳಲ್ಲಿ ಪತ್ರಿಕೆಯ ಸ್ಥಳೀಯ ಪುಟದ ಮೇಲೆ ಕಣ್ಣಿಡಿ.

ಸವಾಯಿ ಗಂಧರ್ವರ ಹೆಸರು ಬಂದ ಮೇಲೆ ಅವರ ಊರು ಕುಂದಗೋಳದ ಬಗ್ಗೆ ಹೇಳಲೇಬೇಕು. ಹುಬ್ಬಳ್ಳಿಯಿಂದ ಹತ್ತಿರ, ರೈಲೂ ಇದೆ. ಗಂಗೂಬಾಯಿಯವರು ಪಾಠಕ್ಕೆ ಹುಬ್ಬಳ್ಳಿಯಿಂದ ರೈಲಿನಲ್ಲೇ ಹೋಗಿಬರುತ್ತಿದ್ದರು. ಗದಗಿನ ಹುಡುಗ ಭೀಮಸೇನ ಜೋಶಿ ಗುರುಗಳ ಮನೆಯಲ್ಲೇ ಉಳಿದು ಕಲಿತದ್ದೂ ಇಲ್ಲಿಯೇ. ಅಲ್ಲಿನ ನಾಡಗೇರ ವಾಡೆಯಲ್ಲಿ ಗುರುಗಳ ಪುಣ್ಯತಿಥಿಗೆ ನಡೆಯುವ ಸಂಗೀತೋತ್ಸವಕ್ಕೆ ಒಮ್ಮೆಯಾದರೂ ಹೋಗಿ. ಎಸಿ ಹಾಲ್, ಮೆತ್ತನೆ ಕುರ್ಚಿ ಅಲ್ಲಿ ಹುಡುಕಬೇಡಿ. ಹಳೆಯ ವಾಡೆಯ ಮರದ ಕಂಬಗಳ ನಡುವೆ ಜಮಖಾನೆ ಮೇಲೆ ಕೂತು ಕೇಳುವುದೇ ಬೇರೆ. ನನ್ನ ಮಟ್ಟಿಗೆ ಈ ಭಾಗದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಕಾರ್ಡು ಓದಲು ಕಲಿಯಿರಿ

ಆಮಂತ್ರಣ ಪತ್ರಿಕೆಯನ್ನು ಕೆಳಗಿನಿಂದ ಮೇಲಕ್ಕೆ ಓದಿ. ಮೇಲೆ ಸಾನ್ನಿಧ್ಯ, ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು ಅಂತ ಹೆಸರುಗಳ ಸಾಲು ಇರುತ್ತದೆ. ಹಾಡುವವರ ಹೆಸರು ತಳದಲ್ಲಿ, ‘ನಂತರ ಸಂಗೀತ ಕಾರ್ಯಕ್ರಮ’ ಎಂಬ ಒಂದು ಗೆರೆಯಲ್ಲಿ. ಆ ‘ನಂತರ’ ಅಂದರೆ ಎಷ್ಟು ಹೊತ್ತು ಅನ್ನುವುದನ್ನು ಮೇಲಿನ ಹೆಸರುಗಳನ್ನು ಎಣಿಸಿ ಅಂದಾಜು ಮಾಡಬಹುದು. ಸನ್ಮಾನವೂ ಇದ್ದರೆ ಇನ್ನಷ್ಟು ಸೇರಿಸಿಕೊಳ್ಳಿ. ಕಲಾವಿದರು ಶ್ರುತಿ ಮಾಡಿಕೊಂಡು ಕಾಯುತ್ತಿರುವಾಗ ಭಾಷಣ ಎಳೆಯುವುದು ನಮ್ಮಲ್ಲಿ ಬಿಡಲಾಗದ ಚಟ. ಹಾಗಂತ ತಡವಾಗಿ ಹೋದರೆ ಮುಂದಿನ ಸಾಲು ಸಿಗಲ್ಲ. ಬೇಗ ಹೋಗಿ, ಕೈಯಲ್ಲೊಂದು ಪುಸ್ತಕ ಇರಲಿ.

ಸಾಥ್ ಕೊಡುವವರ ಹೆಸರನ್ನೂ ನೋಡಿ. ತಬಲಾ ಯಾರು, ಹಾರ್ಮೋನಿಯಂ ಯಾರು? ಎರಡು ಮೂರು ಕಛೇರಿ ಕೇಳಿದ ಮೇಲೆ ತಬಲಾದವರ ಹೆಸರು ನೋಡಿಯೇ ಹೋಗುವುದೋ ಬೇಡವೋ ಅಂತ ತೀರ್ಮಾನಿಸುವ ಹಂತಕ್ಕೆ ನೀವು ಬರುತ್ತೀರಿ.

ಎಲ್ಲಿ ಹುಡುಕುವುದು? ಧಾರವಾಡದಲ್ಲಿ 1890ರಿಂದ ಇರುವ ಕರ್ನಾಟಕ ವಿದ್ಯಾವರ್ಧಕ ಸಂಘ, ಕರ್ನಾಟಕ ಕಾಲೇಜು ಆವರಣದ ಸೃಜನಾ ರಂಗಮಂದಿರ, ರಂಗಾಯಣ. ಹುಬ್ಬಳ್ಳಿಯಲ್ಲಿ ಸವಾಯಿ ಗಂಧರ್ವ ಸಭಾಂಗಣ, ಉಣಕಲ್ ಕಡೆಯ ಗಂಗೂಬಾಯಿ ಹಾನಗಲ್ ಗುರುಕುಲ. ಇವುಗಳ ಗೇಟಿನ ಮುಂದೆ ಹಾದುಹೋಗುವಾಗ ಬ್ಯಾನರ್ ಓದುವ ಅಭ್ಯಾಸ ಮಾಡಿಕೊಳ್ಳಿ. ಒಂದು ಕಾರ್ಯಕ್ರಮಕ್ಕೆ ಹೋಗಿ ಸಂಘಟಕರ ಹತ್ತಿರ, ‘ಮುಂದಿನದು ಯಾವಾಗರಿ?’ ಅಂತ ಕೇಳಿದರೆ ಸಾಕು, ಅವರ ವಾಟ್ಸ್ಆ್ಯಪ್ ಗುಂಪಿಗೆ ನಿಮ್ಮ ನಂಬರ್ ಸೇರಿರುತ್ತದೆ. ಆಮೇಲೆ ನೀವು ಹುಡುಕಬೇಕಿಲ್ಲ, ಕಾರ್ಡುಗಳೇ ನಿಮ್ಮನ್ನು ಹುಡುಕಿಕೊಂಡು ಬರುತ್ತವೆ.

ಒಂದು ರಾಗ ಪೂರ್ತಿ ಕೂರಿ

‘ನಮಗ ಶಾಸ್ತ್ರೀಯ ತಿಳಿಯೂದಿಲ್ರಿ’ ಅನ್ನುವವರಿಗೆ ನನ್ನದು ಒಂದೇ ಸಲಹೆ. ತಿಳಿಯಬೇಕಿಲ್ಲ, ಒಂದು ರಾಗ ಮುಗಿಯುವವರೆಗೆ ಏಳಬೇಡಿ.

ಮೊದಲು ತಂಬೂರಿ ಶ್ರುತಿ, ತಬಲಾ ಮೇಲೆ ಸುತ್ತಿಗೆಯ ಟಕ್ ಟಕ್. ಇದನ್ನು ಕಾಲಹರಣ ಅಂದುಕೊಳ್ಳಬೇಡಿ. ಆ ಆಧಾರ ಸ್ವರ ‘ಸಾ’ ಕಿವಿಯಲ್ಲಿ ಕೂತರೆ ಮುಂದಿನ ಸ್ವರಗಳು ಅದರಿಂದ ಎಷ್ಟು ದೂರ ಹೋದವು, ಹೇಗೆ ಮರಳಿದವು ಅನ್ನುವುದು ತಾನಾಗಿ ಕೇಳಿಸುತ್ತದೆ. ಆಮೇಲೆ ಶುರುವಾಗುವುದು ಬಡಾ ಖಯಾಲ್, ವಿಲಂಬಿತ ಅಂದರೆ ತುಂಬ ನಿಧಾನದ ಲಯದಲ್ಲಿ. ಹೊಸಬರು ಜೇಬಿನ ಮೊಬೈಲಿಗೆ ಕೈ ಹಾಕುವುದು ಇದೇ ಘಟ್ಟದಲ್ಲಿ. ಆಗ ತಬಲಾ ಕಡೆ ಗಮನ ಕೊಡಿ. ಬಹಳ ಸಲ ಅದು 12 ಮಾತ್ರೆಯ, ಅಂದರೆ 12 ಎಣಿಕೆಯ ಸುತ್ತಿನ ಏಕತಾಲ ಆಗಿರುತ್ತದೆ. ಸುತ್ತು ಮತ್ತೆ ಶುರುವಾಗುವ ಮೊದಲ ಮಾತ್ರೆಯೇ ಸಮ್. ಗಾಯಕರು ಎಲ್ಲೆಲ್ಲೋ ಅಲೆದಾಡಿ, ಇನ್ನೇನು ತಪ್ಪಿತು ಅನ್ನುವಾಗ ಸರಿಯಾಗಿ ಸಮ್‌ಗೆ ಬಂದು ನಿಲ್ಲುತ್ತಾರೆ. ಪಕ್ಕದ ಅಜ್ಜ ಆಗಲೇ ತಲೆದೂಗಿ ‘ವಾಹ್’ ಅನ್ನುವುದು. ನಾಲ್ಕೈದು ಸುತ್ತು ಆ ಅಜ್ಜನನ್ನು ನೋಡುತ್ತಿದ್ದರೆ ಸಮ್ ಎಲ್ಲಿ ಬೀಳುತ್ತದೆ ಅಂತ ನಿಮಗೂ ಹತ್ತುತ್ತದೆ. ಒಮ್ಮೆ ಹತ್ತಿತೋ, ಉಳಿದದ್ದು ಕ್ರಿಕೆಟ್‌ನ ಕೊನೆಯ ಓವರಿನಷ್ಟೇ ರೋಚಕ.

ಲಯ ಏರಿದಂತೆ ಛೋಟಾ ಖಯಾಲ್, ವೇಗದ ಸ್ವರಗಳ ಓಟವಾದ ತಾನು, ಒಮ್ಮೊಮ್ಮೆ ಪದಗಳ ಬದಲು ಬರೀ ಅಕ್ಷರಗಳನ್ನು ಹಾಡುವ ತರಾನಾ. ಚಪ್ಪಾಳೆಗೆ ಅವಸರ ಬೇಡ. ದಾದ್, ಅಂದರೆ ಮೆಚ್ಚುಗೆ ಕೊಡುವುದಿದ್ದರೆ ಮೆಲ್ಲಗೆ ‘ಆಹಾ’ ಅಂದರೂ ಕಲಾವಿದರಿಗೆ ಕೇಳಿಸುತ್ತದೆ. ಚಿಕ್ಕ ಬೈಠಕ್‌ನಲ್ಲಿ ಅವರು ನಿಮ್ಮ ಮುಖ ನೋಡಿಯೇ ಹಾಡುತ್ತಿರುತ್ತಾರೆ. ಏಳಲೇಬೇಕು ಅಂದರೆ ಎರಡು ರಾಗಗಳ ನಡುವೆ ಏಳಿ. ಇಡೀ ಕಛೇರಿಯನ್ನು ಕೈ ಎತ್ತಿ ವಿಡಿಯೊ ಮಾಡುವವರ ಹಿಂದೆ ಕೂತರೆ ನಿಮಗೆ ಕಾಣುವುದು ಅವರ ಸ್ಕ್ರೀನ್ ಮಾತ್ರ. ಅಂಥವರಿಗೆ ಹೇಳುವುದರಲ್ಲಿ ತಪ್ಪೇನಿಲ್ಲ.

ಸ್ವಲ್ಪ ರೂಢಿಯಾದ ಮೇಲೆ ಘರಾಣೆಗಳ, ಅಂದರೆ ಗಾಯನ ಪರಂಪರೆಗಳ ವ್ಯತ್ಯಾಸವೂ ಕೇಳಿಸತೊಡಗುತ್ತದೆ. ಕಿರಾಣಾದವರು ಒಂದೊಂದು ಸ್ವರದ ಮೇಲೆ ನಿಂತು, ನಿಧಾನಕ್ಕೆ ರಾಗ ಬಿಡಿಸುತ್ತಾರೆ. ಸವಾಯಿ ಗಂಧರ್ವ, ಗಂಗೂಬಾಯಿ, ಭೀಮಸೇನ ಜೋಶಿ ಇದೇ ಸಾಲಿನವರು. ಮನಸೂರರ ಜೈಪುರ-ಅತ್ರೌಲಿಯಲ್ಲಿ ಎರಡು ರಾಗ ಬೆರೆತ ಅಪರೂಪದ ಜೋಡು ರಾಗಗಳು, ಲಯಕ್ಕೆ ಹೆಣೆದುಕೊಂಡೇ ಸಾಗುವ ತಾನುಗಳು. ಒಂದೇ ಊರಿನಲ್ಲಿ ಇವೆರಡನ್ನೂ ಶಿಷ್ಯಪರಂಪರೆಯ ಬಾಯಲ್ಲೇ ಕೇಳುವ ಅವಕಾಶ ಎಷ್ಟು ಕಡೆ ಇದೆ ಹೇಳಿ?

ಬೆಳಗಿನ ಕಾರ್ಯಕ್ರಮ ಇದ್ದರೆ ನಿದ್ದೆ ಬಿಟ್ಟಾದರೂ ಹೋಗಿ. ಸಂಜೆಗಷ್ಟೇ ಹೋಗುವವರಿಗೆ ಯಮನ್, ಪೂರಿಯಾ ಧನಾಶ್ರೀಯಂಥ ಸಂಜೆಯ ರಾಗಗಳು ಸಿಗುತ್ತವೆ. ತೋಡಿ, ಅಹಿರ್ ಭೈರವ ಬೇಕೆಂದರೆ ಬೆಳಗ್ಗೆಯೇ ಕೂರಬೇಕು. ರಾತ್ರಿ ಜಾಸ್ತಿಯಾದಾಗ ದರ್ಬಾರಿ, ಮಾಲಕಂಸ್. ಇನ್ನೊಂದು ಮಾತು, ನಮ್ಮ ಕಡೆಯ ಗಾಯಕರು ಕೊನೆಗೆ ವಚನವನ್ನೋ ದಾಸರ ಪದವನ್ನೋ ಹಾಡುವುದು ರೂಢಿ. ಆಮೇಲೆ ಕಛೇರಿ ಮುಗಿಸುವ ರಾಗ ಭೈರವಿ. ಜನ ಚಪ್ಪಲಿ ಹುಡುಕಲು ಏಳುವುದು ಸರಿಯಾಗಿ ಅದಕ್ಕೂ ಹತ್ತು ನಿಮಿಷ ಮೊದಲು!

ಕೂತು ಕೇಳುವುದು ಒಗ್ಗದಿದ್ದರೆ

ಮಕ್ಕಳಿದ್ದರೆ ನಾಟಕದಿಂದ ಶುರು ಮಾಡಿ. ರಂಗಾಯಣದ ನಾಟಕಗಳಿಗೆ ಟಿಕೆಟ್ ಇದ್ದರೂ ಸಿನಿಮಾದಷ್ಟು ಭಾರವಿಲ್ಲ. ಕಂಪನಿ ನಾಟಕ ಬೇಕೆಂದರೆ ಜಾತ್ರೆಗಳ ಹಿಂದೆ ಹೋಗಬೇಕು. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ಸಾಲಾಗಿ ಟೆಂಟ್ ಹಾಕುತ್ತವೆ. ಹಾಸ್ಯ ಒಮ್ಮೊಮ್ಮೆ ಒರಟು, ಮೊದಲೇ ವಿಚಾರಿಸಿ ಮಕ್ಕಳನ್ನು ಕರೆದೊಯ್ಯಿರಿ. ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಶೇಷಗಿರಿ ಎಂಬ ಪುಟ್ಟ ಹಳ್ಳಿ ತನ್ನದೇ ರಂಗಮಂದಿರ ಕಟ್ಟಿಕೊಂಡಿದೆ. ರೈತರೇ ನಟರು. ಅಲ್ಲಿ ನಾಟಕ ಇದೆ ಅಂತ ಗೊತ್ತಾದರೆ ಬಿಡಬೇಡಿ.

ಹೋಳಿ ಸುತ್ತಮುತ್ತ ಹುಬ್ಬಳ್ಳಿಯಲ್ಲಿದ್ದರೆ ಜಗ್ಗಲಗಿ ನೋಡಿ. ಬಂಡಿ ಗಾಲಿಯಂಥ ಚೌಕಟ್ಟಿಗೆ ಚರ್ಮ ಬಿಗಿದ ದೊಡ್ಡ ವಾದ್ಯ, ಬೀದಿಯಲ್ಲಿ ಉರುಳಿಸುತ್ತಾ ಬಾರಿಸುತ್ತಾರೆ. ಸದ್ದು ಎದೆಗೇ ಬಡಿಯುತ್ತದೆ. ಸಣ್ಣ ಮಕ್ಕಳ ಕಿವಿಗೆ ಹತ್ತಿ, ಮೈಮೇಲೆ ಹಳೆಯ ಅಂಗಿ ಇರಲಿ.

ಗದಗಿಗೆ ಒಂದು ರಾತ್ರಿ

ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗದೆ ಈ ಭಾಗದ ಸಂಗೀತ ಪೂರ್ತಿ ಆಗುವುದಿಲ್ಲ. ಹಾನಗಲ್ ಕಡೆಯಿಂದ ಬಂದ, ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ ಜಾಗ. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಗರಡಿಯಲ್ಲೇ ತಯಾರಾದವರು. ಜಾತ್ರೆ, ಪುಣ್ಯಸ್ಮರಣೆಯ ದಿನಗಳಲ್ಲಿ ಅಹೋರಾತ್ರಿ ಸಂಗೀತ. ಹೆಸರಾಂತ ಕಲಾವಿದರ ಹಿಂದೆಯೇ ಹತ್ತು ವರ್ಷದ ಹುಡುಗ ಬಂದು ಹಾಡುತ್ತಾನೆ. ಊಟದ ಚಿಂತೆ ಇಲ್ಲ, ಪ್ರಸಾದ ಇದೆ.

ಮರಳಿ ಬರುವ ಲೆಕ್ಕ

ಅವಳಿ ನಗರದ ನಡುವೆ ಚಿಗರಿ ಬಸ್ ಇರುವುದರಿಂದ ಹೋಗುವುದು ಸಲೀಸು. ತೊಂದರೆ ಇರುವುದು ವಾಪಸ್ ಬರುವಾಗ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಇಳಿಯುವಾಗಲೇ ವಿಚಾರಿಸಿಕೊಳ್ಳಿ. ಮಳೆಗಾಲದಲ್ಲಿ ಧಾರವಾಡಕ್ಕೆ ಕೊಡೆ ಇಲ್ಲದೆ ಹೋಗಬೇಡಿ. ಸಂಜೆಯೇ ಗಿರಮಿಟ್, ಮಿರ್ಚಿ ತಿಂದುಕೊಂಡು ಕೂರಿ, ಕಛೇರಿ ಮುಗಿಯುವಾಗ ಗಾಡಿಗಳು ಮುಚ್ಚಿರುತ್ತವೆ. ಭೈರವಿಯವರೆಗೆ ಕೂತರೆ ಬಸ್ಸು ಹೋಗಿರುತ್ತದೆ ಅಂತ ಇಟ್ಟುಕೊಂಡೇ ಹೊರಡಿ. ಇದಕ್ಕೆ ಹಳಬರ ಉಪಾಯ ಒಂದಿದೆ, ಕಾರು ಇರುವ ಗೆಳೆಯನೊಬ್ಬನಿಗೆ ಸಂಗೀತದ ಹುಚ್ಚು ಹಿಡಿಸುವುದು.