ಬಯಾನಾ ಕೊಡುವ ಮೊದಲು: ಕಲಬುರಗಿಯಲ್ಲಿ ಮನೆ ಕೊಳ್ಳುವವರಿಗೂ ಮಾರುವವರಿಗೂ

ನಮ್ಮ ಕಡೆ ಮನೆಯ ವ್ಯವಹಾರ ಬಯಾನಾದಿಂದಲೇ, ಅಂದರೆ ಮುಂಗಡ ಹಣದಿಂದಲೇ, ಶುರುವಾಗುತ್ತದೆ. ಮನೆ ನೋಡಿ, ದರ ಕುದುರಿಸಿ, ಇಬ್ಬರು ಹಿರಿಯರ ಎದುರಿಗೆ ಬಾಂಡ್ ಪೇಪರ್ ಮೇಲೆ ಖರೀದಿ ಕರಾರು ಬರೆದು, ನೋಟರಿಯ ಮೊಹರು ಹಾಕಿಸಿ, ಹಣ ಎಣಿಸಿ ಕೊಟ್ಟ ಮೇಲೆ ಕಾಗದಪತ್ರಗಳನ್ನು ವಕೀಲರ ಮುಂದಿಡುವುದು ರೂಢಿ. ಈ ಕ್ರಮ ತಲೆಕೆಳಗಾಗಿದೆ. ಹಣ ಕೈಬಿಟ್ಟ ಮೇಲೆ ಕಾಗದದಲ್ಲಿ ದೋಷ ಕಂಡರೆ, ಕೊಟ್ಟ ಹಣ ಮುಳುಗೀತು ಎಂಬ ಚಿಂತೆಯಲ್ಲಿ ಕೊಳ್ಳುವವರು ಆ ದೋಷವನ್ನೇ ನುಂಗಿಕೊಂಡು ಮುಂದುವರಿಯುತ್ತಾರೆ. ಆದ್ದರಿಂದ ಮೊದಲು ಕಾಗದ, ಆಮೇಲೆ ಬಯಾನಾ.

ಬಾಂಡ್ ಪೇಪರ್‌ಗೆ ಎಷ್ಟು ಬಲವಿದೆ ಎಂದು ಎಲ್ಲರೂ ಕೇಳುತ್ತಾರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮಿನ ಪ್ರಕಾರ ಖರೀದಿ ಕರಾರಿನಿಂದ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದಿಂದಲೇ ಆಗಬೇಕು. ನೋಟರಿಯ ಮೊಹರು ನೋಂದಣಿಯಲ್ಲ. ಕರಾರು, ಜನರಲ್ ಪವರ್ ಆಫ್ ಅಟಾರ್ನಿ (ಜಿಪಿಎ, ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರಪತ್ರ), ಮರಣಶಾಸನ ಇವಿಷ್ಟನ್ನು ಕೂಡಿಸಿ ಮಾಡುವ ‘ಜಿಪಿಎ ಮಾರಾಟ’ದಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಸ್ಪಷ್ಟಪಡಿಸಿದೆ. ಕರಾರು ಇದ್ದರೆ ಖರೀದಿ ಪತ್ರ ಮಾಡಿಕೊಡಿಸುವಂತೆ ಕೋರ್ಟಿಗೆ ಹೋಗಬಹುದು. ಆದರೆ ಅದಕ್ಕೆ ಮೂರು ವರ್ಷದ ಕಾಲಮಿತಿಯಿದೆ. ಕರಾರಿನಲ್ಲಿ ತಾರೀಖು ನಿಗದಿಯಾಗಿದ್ದರೆ ಆ ತಾರೀಖಿನಿಂದ, ಇಲ್ಲದಿದ್ದರೆ ಎದುರಿನವರು ಒಲ್ಲೆ ಎಂದದ್ದು ನಮಗೆ ತಿಳಿದ ದಿನದಿಂದ ಅದರ ಲೆಕ್ಕ.

ಇನ್ನು ಹಳೆಯ ಕಾಗದಗಳು. ಕಲಬುರಗಿ, ಬೀದರ್, ಯಾದಗಿರಿ ಸೀಮೆಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ್ದರಿಂದ, ಹಳೆಯ ಓಣಿಗಳ ಮನೆಗಳ ಮೂಲಪತ್ರ ಎಷ್ಟೋ ಸಲ ಉರ್ದುವಿನಲ್ಲಿರುತ್ತದೆ ಮತ್ತು ಅದರ ಮೇಲಿನ ವರ್ಷ ಫಸಲಿ ವರ್ಷವಾಗಿರುತ್ತದೆ, ಅಂದರೆ ನಿಜಾಮರ ಕಾಲದ ಕಂದಾಯ ವರ್ಷ. ಫಸಲಿಗೆ 590 ಕೂಡಿಸಿದರೆ ಹತ್ತಿರದ ಇಸವಿ ಸಿಗುತ್ತದೆ. 1352 ಫಸಲಿ ಎಂದಿದ್ದರೆ ಅದು 1942–43. ಬ್ರಹ್ಮಪುರದ ಕಡೆ ನಮ್ಮ ಮನೆಯವರು ಶಹಾಬಾದ್ ಕಲ್ಲಿನ ನೆಲವಿದ್ದ ಒಂದು ಹಳೆಯ ಮನೆ ನೋಡಿದಾಗ, ಮಾರುವವರು ಕೊಟ್ಟ ಕನ್ನಡ ಪತ್ರದ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ದಕ್ಷಿಣಕ್ಕೆ ‘ಪಕ್ಕದವರ ಗೋಡೆ’ ಎಂದಿತ್ತು. ಉರ್ದು ಬಲ್ಲ ಹಿರಿಯರೊಬ್ಬರಿಂದ ಮೂಲಪತ್ರವನ್ನು ಓದಿಸಿದಾಗ ಅದೇ ದಿಕ್ಕಿಗೆ ‘ಗಲ್ಲಿ’ ಎಂದಿತ್ತು. ಹಿತ್ತಲ ಬಾಗಿಲು ತೆರೆಯುತ್ತಿದ್ದುದು ಆ ಗಲ್ಲಿಗೇ. ನಡುವಿನ ವರ್ಷಗಳಲ್ಲಿ ಗಲ್ಲಿ ಯಾರದೋ ಕಬ್ಜಾಕ್ಕೆ ಹೋಗಿತ್ತು. ಮೂಲಪತ್ರವನ್ನು ಓದಿಸಿರದಿದ್ದರೆ ಇದು ನಮಗೆ ತಿಳಿಯುತ್ತಿರಲಿಲ್ಲ. ಉರ್ದು ಪತ್ರವನ್ನು ‘ಹಳೆಯದು, ಇರಲಿ ಬಿಡಿ’ ಎಂದು ಪಕ್ಕಕ್ಕಿಡಬೇಡಿ. ಪೂರ್ತಿ ಅನುವಾದ ಮಾಡಿಸಿ, ಅದರ ಚಕ್ಕುಬಂದಿಯನ್ನು ಇಂದಿನ ಜಾಗದಲ್ಲಿ ಟೇಪು ಹಿಡಿದು ತಾಳೆ ನೋಡಿ.

ಮಾರುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಯಲ್ಲಿಯೇ ಹೆಚ್ಚಿನ ವ್ಯವಹಾರಗಳು ಕೆಡುತ್ತವೆ. ತಂದೆಯ ಹೆಸರಿನ ಮನೆಯನ್ನು ಅಣ್ಣತಮ್ಮಂದಿರಷ್ಟೇ ಸಹಿ ಮಾಡಿ ಮಾರುತ್ತಾರೆ. ಅಕ್ಕ ತಂಗಿಯರ ಬಗ್ಗೆ ಕೇಳಿದರೆ ‘ಅವರಿಗೆ ಮದುವೆಯಲ್ಲಿ ಕೊಟ್ಟಾಗಿದೆ’ ಎನ್ನುತ್ತಾರೆ. ಕಾನೂನು ಆ ಮಾತನ್ನು ಒಪ್ಪುವುದಿಲ್ಲ. ಹಿಂದೂ ತಂದೆ ತಾನೇ ಗಳಿಸಿದ ಮನೆಯನ್ನು ಮರಣಶಾಸನ ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಬದುಕಿದ್ದರೆ ತೀರಿಕೊಂಡವರ ತಾಯಿಗೂ ಸಮಪಾಲು. ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ಸೆಪ್ಟೆಂಬರ್ 9ರಿಂದ ಮಗಳು ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳು; ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. ಮುಸ್ಲಿಂ ಕುಟುಂಬದ ಮನೆಯಾದರೆ, ಮಕ್ಕಳಿದ್ದಾಗ ಹೆಂಡತಿಗೆ ಎಂಟನೇ ಒಂದು ಪಾಲು, ಮಗಳಿಗೆ ಮಗನ ಪಾಲಿನ ಅರ್ಧ ಇದ್ದೇ ಇದೆ. ಬಾಯಿಮಾತಿನ ಹಿಬಾ (ದಾನ) ಕೂಡ, ಘೋಷಣೆ, ಒಪ್ಪಿಗೆ, ಸ್ವಾಧೀನ ಮೂರೂ ಇದ್ದರೆ, ನೋಂದಣಿಯಿಲ್ಲದೆಯೇ ಸಿಂಧುವಾಗುವುದರಿಂದ, ತಂದೆ ಬದುಕಿದ್ದಾಗ ಯಾರಿಗಾದರೂ ಹಿಬಾ ಮಾಡಿದ್ದರೇ ಎಂದು ಮನೆಯ ಹಿರಿಯರನ್ನು ನೇರವಾಗಿ ಕೇಳಬೇಕು.

ವಂಶವೃಕ್ಷ ಪಡೆಯಿರಿ, ಆದರೆ ಅದರಲ್ಲಿ ಬರುವುದು ಹೆಚ್ಚಾಗಿ ಮನೆಯವರು ಹೇಳಿದ ಹೆಸರುಗಳೇ ಆದ್ದರಿಂದ ನೆರೆಹೊರೆಯಲ್ಲಿಯೂ ವಿಚಾರಿಸಿ. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಮದುವೆಯಾಗಿ ಹೋದ ಮಗಳ ಹೆಸರು ಬಿಟ್ಟುಹೋಗಿರುವುದು ಅಪರೂಪವಲ್ಲ. ಎಲ್ಲ ಪಾಲುದಾರರೂ ಖರೀದಿ ಪತ್ರಕ್ಕೇ ಸಹಿ ಮಾಡುವುದು ಉತ್ತಮ. ಆಗದಿದ್ದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರವಾದರೂ ಇರಬೇಕು. ಹಿಂದೂ ಕುಟುಂಬದಲ್ಲಿ ಅಪ್ರಾಪ್ತ ವಯಸ್ಸಿನ ಮಗುವಿಗೆ ಪ್ರತ್ಯೇಕ ಪಾಲಿದ್ದರೆ ಕೋರ್ಟಿನ ಅನುಮತಿಯಿಲ್ಲದೆ ತಂದೆ ತಾಯಿ ಅದನ್ನು ಮಾರಲು ಬರುವುದಿಲ್ಲ. ಮಾರಿದರೆ ಮಗು ದೊಡ್ಡದಾದ ಮೇಲೆ ಮಾರಾಟವನ್ನು ರದ್ದು ಮಾಡಿಸಬಹುದು.

ಋಣಭಾರ ಪತ್ರ, ಅಂದರೆ ಇ.ಸಿ., ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ನಮೂನೆ 15ರಲ್ಲಿ ನೋಂದಾಯಿತ ವ್ಯವಹಾರಗಳ ಪಟ್ಟಿ ಇರುತ್ತದೆ. ನಮೂನೆ 16 ಬಂದರೆ ಆ ಅವಧಿಯಲ್ಲಿ ಏನೂ ನೋಂದಾಯಿತವಾಗಿಲ್ಲವೆಂದರ್ಥ. ಎಷ್ಟೋ ಜನ ನಮೂನೆ 16 ನೋಡಿ ನಿಶ್ಚಿಂತರಾಗುತ್ತಾರೆ, ಅದು ತಪ್ಪು. ನೋಂದಾಯಿಸದ ಕರಾರು, ಬಾಡಿಗೆದಾರರ ಸ್ವಾಧೀನ, ನಡೆಯುತ್ತಿರುವ ದಾವೆ ಯಾವುದೂ ಅದರಲ್ಲಿ ಕಾಣುವುದಿಲ್ಲ. ಮೂಲಪತ್ರವನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲವೂ ಕಾಣದೆ ಹೋಗಬಹುದು. ದಾವೆ ನಡೆಯುತ್ತಿರುವಾಗ ಕೊಂಡವರು ಅದರ ತೀರ್ಪಿಗೆ ಬದ್ಧರಾಗುತ್ತಾರೆ. ಆದ್ದರಿಂದ ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಮತ್ತು ಅವರ ತಂದೆಯ ಹೆಸರು ಹಾಕಿ ಹುಡುಕಿ, ಬ್ಯಾಂಕಿನ ಅಡಮಾನ ಇದೆಯೇ ಎಂದು ತಿಳಿಯಲು ಸೆರ್ಸಾಯ್ (ಅಡಮಾನಗಳ ಕೇಂದ್ರೀಯ ನೋಂದಣಿ ಸಂಸ್ಥೆ) ದಾಖಲೆಯನ್ನು ನೋಡಿ, ಸ್ಥಳೀಯ ಕನ್ನಡ ಮತ್ತು ಉರ್ದು ಪತ್ರಿಕೆಗಳಲ್ಲಿ, ಆಕ್ಷೇಪವಿದ್ದವರು ತಿಳಿಸಲಿ ಎಂದು, ಪ್ರಕಟಣೆ ಕೊಡಿ. ಮೂಲಪತ್ರವನ್ನೇ ಕಣ್ಣಾರೆ ನೋಡಬೇಕು, ಝೆರಾಕ್ಸ್ ಸಾಲದು.

ರಿಂಗ್ ರಸ್ತೆಯಾಚೆಯ ಬಡಾವಣೆಗಳಲ್ಲಿ ಮನೆ ಅಥವಾ ಪ್ಲಾಟು ಕೊಳ್ಳುವವರು ಎನ್.ಎ. ಆದೇಶ (ಹೊಲವನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸಿದ ಆದೇಶ), ಅನುಮೋದಿತ ಬಡಾವಣೆ ನಕ್ಷೆ, ಇ-ಖಾತೆ ಮೂರನ್ನೂ ಕೇಳಿ. ಇ-ಖಾತೆ ಇಲ್ಲದೆ ಈಗ ನೋಂದಣಿಯಾಗುವುದಿಲ್ಲ. ಆದರೂ ಖಾತೆ ತೆರಿಗೆಯ ದಾಖಲೆಯೇ ಹೊರತು ಮಾಲೀಕತ್ವದ ಪತ್ರವಲ್ಲ, ಮತ್ತು ಬಿ ಖಾತೆ (ಅನುಮೋದನೆಯಿಲ್ಲದ ಆಸ್ತಿಗೆ ತೆರಿಗೆಗಾಗಿ ಕೊಡುವ ಖಾತೆ) ಸಿಕ್ಕಿತೆಂದು ಬಡಾವಣೆ ಅನುಮೋದಿತವಾಗುವುದಿಲ್ಲ.

ಹಣದ ಲೆಕ್ಕಕ್ಕೆ ಬರೋಣ. ಖರೀದಿ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ದರ ಇವೆರಡರಲ್ಲಿ ಹೆಚ್ಚಿನದರ ಮೇಲೆ ಶೇ. 5 ಮುದ್ರಾಂಕ ಶುಲ್ಕ, ಆ ಶುಲ್ಕದ ಮೇಲೆ ಶೇ. 10 ಸೆಸ್, ನಗರದಲ್ಲಿ ಅದೇ ಶುಲ್ಕದ ಮೇಲೆ ಶೇ. 2 ಸರ್ಚಾರ್ಜ್; ಇದಲ್ಲದೆ ಬೆಲೆಯ ಮೇಲಿನ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ನಗರದ 40 ಲಕ್ಷದ ಮನೆಗೆ ಎಲ್ಲ ಕೂಡಿ 3,04,000 ರೂಪಾಯಿ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೊಳ್ಳುವವರೇ ಶೇ. 1 ಹಿಡಿದಿಟ್ಟು ಆದಾಯ ತೆರಿಗೆಗೆ ಕಟ್ಟಬೇಕು. ಮಾರುವವರು ಇಂಗ್ಲೆಂಡಿನಲ್ಲೋ ದುಬೈಯಲ್ಲೋ ನೆಲೆಸಿದ ಅನಿವಾಸಿಯಾಗಿದ್ದರೆ ಈ ಒಂದು ಪ್ರತಿಶತದ ನಿಯಮ ಅನ್ವಯಿಸುವುದಿಲ್ಲ, ಹಿಡಿಯಬೇಕಾದ ಮೊತ್ತ ಬಹಳ ಹೆಚ್ಚು. ಲೆಕ್ಕ ಪರಿಶೋಧಕರನ್ನು ಕೇಳದೆ ಹಣ ಕಳಿಸಬೇಡಿ.

ಮಾರುವವರಿಗೂ ಎಚ್ಚರ ಬೇಕು. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆದರೆ ಪಡೆದಷ್ಟೇ ದಂಡ ಬೀಳಬಹುದು, ಅದೂ ಪಡೆದವರ ಮೇಲೆ. ಬಯಾನಾ ಕೂಡ ಬ್ಯಾಂಕಿನ ಮೂಲಕವೇ ಬರಲಿ. ಪೂರ್ತಿ ಹಣ ಖಾತೆಗೆ ಬೀಳುವ ಮೊದಲು ಬೀಗದ ಕೈ ಕೊಡಬೇಡಿ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆಯ ಲಾಭದ ಮೇಲಿನ ತೆರಿಗೆಯನ್ನು ಬೇರೆ ಮನೆ ಕೊಂಡು ಉಳಿಸುವುದಿದ್ದರೆ, ಮಾರುವ ಒಂದು ವರ್ಷ ಮೊದಲು ಅಥವಾ ಮಾರಿದ ಎರಡು ವರ್ಷದೊಳಗೆ ಕೊಳ್ಳಬೇಕು ಎಂಬುದು ನೆನಪಿರಲಿ.

ಸಹಿಯಾದ ಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು, ಆದರೆ ಅದೇ ದಿನ ಮುಗಿಸುವುದು ಒಳ್ಳೆಯದು. ನೋಂದಣಿಯ ನಂತರ ಮಹಾನಗರ ಪಾಲಿಕೆಯ ಖಾತೆ, ನೀರಿನ ಸಂಪರ್ಕ, ಜೆಸ್ಕಾಂನ ವಿದ್ಯುತ್ ಮೀಟರು ಇವೆಲ್ಲ ಹೊಸ ಹೆಸರಿಗೆ ಆಗಲಿ. ಮಾರಿದವರಿಂದ ಹಿಂದಿನ ಪತ್ರಗಳೆಲ್ಲವನ್ನೂ, ಆ ಉರ್ದು ಮೂಲಪತ್ರವನ್ನೂ ಸೇರಿಸಿ, ಪಟ್ಟಿ ಮಾಡಿ ಸಹಿ ಹಾಕಿಸಿಕೊಂಡು ಪಡೆಯಿರಿ. ಮೂಲಪತ್ರವನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಮುಂದೆ ಯಾರಾದರೂ ಮೊಹರನ್ನೂ ಕಾಗದದ ಹಿಂಬದಿಯ ಬರಹವನ್ನೂ ಪರೀಕ್ಷಿಸಬೇಕಾಗಿ ಬಂದಾಗ ಆ ಪ್ಲಾಸ್ಟಿಕ್ಕು ಅಡ್ಡಬರುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿ ತಿಜೋರಿಯಲ್ಲಿಡಿ.